ಬಿಚ್ಚಿ ನೋಡಬಹುದಾದ ಯಂತ್ರ

ನಾವು ನಿತ್ಯ ಬಳಸುವ ಯಂತ್ರಗಳಲ್ಲಿ ಬಹುಪಾಲು ಮರೆಯಲ್ಲಿಯೇ ಕೆಲಸ ಮಾಡುತ್ತವೆ. ಗಡಿಯಾರಕ್ಕೆ ಮುಚ್ಚಳವುಂಟು, ರೇಡಿಯೋ ಪೆಟ್ಟಿಗೆಗೆ ಕವಚವುಂಟು, ಮೋಟಾರು ಕಾರಿನ ಎಂಜಿನ್ನಿಗೆ ಬಾನೆಟ್ಟಿನ ಹೊದಿಕೆಯುಂಟು. ಎರಡು ಗಾಲಿಗಳ ಮೇಲೆ ಓಡುವ ಯಂತ್ರಗಳು ಮಾತ್ರ ಬಹುಕಾಲ ಈ ನಿಯಮಕ್ಕೆ ಹೊರತಾಗಿದ್ದುವು. ಸೈಕಲ್ಲಿನ ಚೈನು ಹಿಂದಿನ ಗಾಲಿಯನ್ನು ಹೇಗೆ ತಿರುಗಿಸುತ್ತದೆಂಬುದನ್ನು ಚಿಕ್ಕ ಮಗುವೂ ಪಕ್ಕದಲ್ಲಿ ಕುಳಿತು ನೋಡಬಹುದು. ಹಳೆಯ ಮೋಟಾರು ಸೈಕಲ್ಲಿನ ಸಿಲಿಂಡರು, ಕಾರ್ಬುರೇಟರು, ಹೊಗೆಕೊಳವೆಗಳೆಲ್ಲ ಬಯಲಿನಲ್ಲಿಯೇ ಇರುತ್ತವೆ. ಯಂತ್ರವಿದ್ಯೆಯಲ್ಲಿ ಒಲವುಳ್ಳವರು ಈ ವಾಹನಗಳನ್ನು ಕೊಂಡು, ಬಿಚ್ಚಿ, ಮತ್ತೆ ಜೋಡಿಸಿ, ಓಡಿಸಿ ಸಂತೋಷಪಡುವುದಕ್ಕೆ ಇದೇ ಮುಖ್ಯ ಕಾರಣ. ಅವರ ಪಾಲಿಗೆ ವಾಹನವು ಊರಿಂದೂರಿಗೆ ಹೋಗುವ ಸಾಧನವಷ್ಟೇ ಅಲ್ಲ. ಅಂಗಳದಲ್ಲಿ ನಿಲ್ಲಿಸಿಕೊಂಡ ಪ್ರಯೋಗಶಾಲೆ.

ಕಲಬುರಗಿಯಿಂದ ಅಫಜಲಪುರದ ಕಡೆ ಹೋಗುವ ದಾರಿಯಲ್ಲಿ ಚೌಡಾಪುರವೆಂಬ ಊರಿದೆ. ಗಾಣಗಾಪುರದ ದತ್ತಾತ್ರೇಯ ಕ್ಷೇತ್ರಕ್ಕೆ ಹೋಗುವವರು ಇಲ್ಲಿ ದಾರಿ ಹೊರಳುತ್ತಾರೆ. ಇಂಥ ಕೂಡುದಾರಿಗಳಲ್ಲಿ ಒಂದು ತಾಸು ನಿಂತು ನೋಡಿದರೆ ಎಂಜಿನಿಯರಿಂಗಿನ ಇತಿಹಾಸವೇ ಕಣ್ಣ ಮುಂದೆ ಸಾಗುತ್ತದೆ. ಹಾಲಿನ ಕ್ಯಾನು ತೂಗುಹಾಕಿಕೊಂಡ ಸೈಕಲ್ಲು, ಗೊಬ್ಬರದ ಚೀಲ ಹೊತ್ತ ಮೊಪೆಡ್ಡು, ಎಂದೋ ಕೊಂಡು ಜತನದಿಂದ ಉಳಿಸಿಕೊಂಡ ಹಳೆಯ ಮೋಟಾರು ಸೈಕಲ್ಲು, ಸದ್ದಿಲ್ಲದೆ ಸರಿದುಹೋಗುವ ವಿದ್ಯುತ್ ಸ್ಕೂಟರು—ಇವು ನಾಲ್ಕು ಕಾಲಮಾನಗಳ ಯಂತ್ರಗಳು. ಈ ಕಡೆಯ ಜನ ಮೋಟಾರು ಸೈಕಲ್ಲನ್ನು ‘ಫಟಫಟಿ’ ಎಂದು ಕರೆಯುತ್ತ ಬಂದಿದ್ದಾರೆ. ಶಬ್ದವನ್ನೇ ಹೆಸರಾಗಿಸಿದ ಈ ಜಾಣತನದಲ್ಲಿ ಭೌತವಿಜ್ಞಾನವೂ ಅಡಗಿದೆ; ಆ ವಿಷಯವನ್ನು ಮುಂದೆ ನೋಡೋಣ. ಮೊದಲು ಎಲ್ಲಕ್ಕೂ ಹಿರಿಯನಾದ ಸೈಕಲ್ಲಿನಿಂದ ಆರಂಭಿಸುವುದು ನ್ಯಾಯ.

ಹಲ್ಲುಗಳ ಲೆಕ್ಕ

ನಮ್ಮ ತರಗತಿಗಳಲ್ಲಿ ಒಂದು ಸಂಗತಿಯನ್ನು ಮೇಲಿಂದ ಮೇಲೆ ಕಾಣುತ್ತೇವೆ. ಎರಡು ಹಲ್ಲುಗಾಲಿಗಳ ವೇಗದ ಪ್ರಮಾಣವನ್ನು ಕಂಡುಹಿಡಿಯಿರೆಂದರೆ ವಿದ್ಯಾರ್ಥಿಗಳು ಕರಿಹಲಗೆಯ ಮೇಲೆ ಚಕಚಕನೆ ಬಿಡಿಸುತ್ತಾರೆ. ‘ನಿಮ್ಮ ಸೈಕಲ್ಲಿಗೆ ಎಷ್ಟು ಹಲ್ಲು?’ ಎಂದು ಕೇಳಿದರೆ ಮಾತ್ರ ತರಗತಿಯಲ್ಲಿ ಮೌನ. ಮೂರು ವರ್ಷ ತುಳಿದ ಯಂತ್ರವನ್ನು ಒಮ್ಮೆಯೂ ಎಣಿಸಿ ನೋಡಿರುವುದಿಲ್ಲ!

ಎಣಿಸಿ ನೋಡಿದರೆ ಏನು ತಿಳಿಯುತ್ತದೆ? ಒಂದು ಸಾಧಾರಣ ಸೈಕಲ್ಲಿನಲ್ಲಿ ಮುಂದಿನ ಚೈನುಗಾಲಿಗೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇವೆಯೆಂದು ಇಟ್ಟುಕೊಳ್ಳೋಣ. ಪೆಡಲು ಒಂದು ಸುತ್ತು ಬಂದಾಗ ಹಿಂದಿನ ಗಾಲಿ ಸುಮಾರು 2.44 ಸುತ್ತು ತಿರುಗುತ್ತದೆ. 28 ಅಂಗುಲದ ಗಾಲಿಯ ಸುತ್ತಳತೆ ಸುಮಾರು 2.2 ಮೀಟರು. ಆದುದರಿಂದ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು 5.4 ಮೀಟರಿನಷ್ಟು ಮುಂದೆ ಸಾಗುತ್ತದೆ. ಸವಾರನು ನಿಮಿಷಕ್ಕೆ 50 ಸುತ್ತು ತುಳಿದರೆ ಅವನ ವೇಗ ಗಂಟೆಗೆ 16 ಕಿ.ಮೀ. ಆಯಿತು.

ಇದು ಲಾಭದ ಮಾತು. ಪ್ರಕೃತಿಯ ಅಂಗಡಿಯಲ್ಲಿ ಯಾವುದೂ ಪುಕ್ಕಟೆ ದೊರೆಯುವುದಿಲ್ಲವಷ್ಟೆ. ಪೆಡಲಿನ ದಂಡದ ಉದ್ದ ಸುಮಾರು 17 ಸೆಂಟಿಮೀಟರು. ಒಂದು ಸುತ್ತಿನಲ್ಲಿ ಪಾದವು ಸಾಗುವ ದೂರ ಒಂದು ಮೀಟರಿಗಿಂತ ತುಸು ಹೆಚ್ಚು. ಪಾದ ಒಂದು ಮೀಟರು ಸಾಗಿದರೆ ಗಾಲಿ ಐದು ಮೀಟರು ಸಾಗುತ್ತದೆ. ಶಕ್ತಿ ಸಂರಕ್ಷಣ ನಿಯಮದಂತೆ, ದೂರ ಐದು ಪಟ್ಟು ಹೆಚ್ಚಿದಲ್ಲಿ ಬಲ ಐದನೆಯ ಒಂದು ಪಾಲಿಗೆ ಇಳಿಯಲೇಬೇಕು. 40 ಕಿಲೋಗ್ರಾಂ ಭಾರದಷ್ಟು ಒತ್ತಿ ತುಳಿದರೆ ನೆಲದ ಮೇಲೆ ಸೈಕಲ್ಲನ್ನು ನೂಕುವ ಬಲ 8 ಕಿಲೋಗ್ರಾಂ ಭಾರದಷ್ಟು ಮಾತ್ರ. ಸಮತಟ್ಟಾದ ದಾರಿಗೆ ಇದು ಧಾರಾಳ ಸಾಕು; ಏರು ಬಂದಾಗ ಇಳಿದು ತಳ್ಳುವುದೇಕೆಂಬುದಕ್ಕೂ ಇದೇ ಉತ್ತರ.

ಆರೋಗ್ಯವಂತನೊಬ್ಬನು ಬಹಳ ಹೊತ್ತು ಬಳಲದೆ ಕೊಡಬಲ್ಲ ಸಾಮರ್ಥ್ಯ ಸುಮಾರು 75 ವ್ಯಾಟು; ಅಂದರೆ ಅಶ್ವಶಕ್ತಿಯ ಹತ್ತನೆಯ ಒಂದು ಭಾಗ. ನಡೆಯುವಾಗ ಪ್ರತಿ ಹೆಜ್ಜೆಗೂ ದೇಹದ ಭಾರವನ್ನು ತುಸು ಎತ್ತಿ ಇಳಿಸಬೇಕಾಗುತ್ತದೆ. ಸೈಕಲ್ಲಿನಲ್ಲಿ ಆ ಭಾರವನ್ನು ಸೀಟು ಹೊರುತ್ತದೆ. ಕಾಲುಗಳು ತಿರುಗಿಸುವ ಕೆಲಸವನ್ನಷ್ಟೇ ಮಾಡುತ್ತವೆ. ಆದುದರಿಂದಲೇ ನಡಿಗೆಯಷ್ಟೇ ದಣಿವಿನಲ್ಲಿ ಸುಮಾರು ಮೂರು ಪಟ್ಟು ದೂರ ಹೋಗಬಹುದು.

ಇನ್ನು ಗಾಲಿಯ ಕಡ್ಡಿಗಳನ್ನು ನೋಡಿರಿ. ಎತ್ತಿನ ಬಂಡಿಯ ಗಾಲಿಯಲ್ಲಿ ಭಾರವು ಕೆಳಗಿನ ದಪ್ಪ ಮರದ ಕಡ್ಡಿಗಳ ಮೇಲೆ ನಿಲ್ಲುತ್ತದೆ. ಸೈಕಲ್ಲಿನ ಕಡ್ಡಿ ಎರಡು ಮಿಲಿಮೀಟರು ದಪ್ಪದ ತಂತಿ; ಮೇಲಿನಿಂದ ಒತ್ತಿದರೆ ಬಾಗಿಹೋಗುವಂಥದು. ಹಾಗಾದರೆ ಭಾರವನ್ನು ಹೊರುವುದು ಹೇಗೆ? ಪ್ರತಿಯೊಂದು ಕಡ್ಡಿಯನ್ನೂ ಮೊದಲೇ ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಭಾರ ಬಿದ್ದಾಗ ಕೆಳಗಿನ ಕಡ್ಡಿಗಳ ಎಳೆತ ತುಸು ಸಡಿಲವಾಗುತ್ತದೆಯೇ ಹೊರತು ಅವು ಒತ್ತಡಕ್ಕೆ ಸಿಕ್ಕುವುದಿಲ್ಲ. ಹಿಂದಿನ ಗಾಲಿಗೆ 40, ಮುಂದಿನದಕ್ಕೆ 32 ಕಡ್ಡಿಗಳನ್ನು ಹಾಕುವ ಹಳೆಯ ರೂಢಿಗೆ ಕಾರಣವೂ ಸ್ಪಷ್ಟ: ಸವಾರನ ಭಾರದ ಹೆಚ್ಚಿನ ಪಾಲು ಮತ್ತು ಚೈನಿನ ಎಳೆತ ಎರಡೂ ಹಿಂದಿನ ಗಾಲಿಯ ಮೇಲೆಯೇ ಬೀಳುತ್ತವೆ. ಅನುಭವಸ್ಥನಾದ ಸೈಕಲ್ ಮಿಸ್ತ್ರಿ ಕಡ್ಡಿಯನ್ನು ಬೆರಳಿನಿಂದ ಮೀಟಿ, ನಾದವನ್ನು ಕೇಳಿ, ಬಿಗಿ ಸರಿಯಿದೆಯೋ ಇಲ್ಲವೋ ಎಂದು ಹೇಳುತ್ತಾನೆ. ತಂತಿಯ ಎಳೆತ ಹೆಚ್ಚಿದಷ್ಟೂ ಕಂಪನ ಸಂಖ್ಯೆ ಹೆಚ್ಚುತ್ತದೆಂಬ ನಿಯಮವನ್ನು ಅವನು ಪುಸ್ತಕದಲ್ಲಿ ಓದಿರಲಿಕ್ಕಿಲ್ಲ, ಕಿವಿಯಿಂದ ಬಲ್ಲನು.

ಊರಿನ ನೆಲವೂ ಸವಾರನಿಗೆ ಪಾಠ ಕಲಿಸುತ್ತದೆ. ಭೀಮಾ ನದಿಯ ಆಸುಪಾಸಿನ ಎರೆಮಣ್ಣು ನೀರನ್ನು ಹೀರಿ ಉಬ್ಬುವ ಜೇಡಿ. ಮಳೆಗಾಲದಲ್ಲಿ ಅದು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸಿಬಿಡುತ್ತದೆ. ಸವಾರನು ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಹೊಲ ದಾಟುತ್ತಾನೆ. ಗಾಲಿಗೂ ಮಡ್‌ಗಾರ್ಡಿಗೂ ನಡುವಿನ ಅಂತರ ಎಷ್ಟಿರಬೇಕೆಂಬುದು ಕಾರ್ಖಾನೆಯ ನಕ್ಷೆಯಷ್ಟರಿಂದಲೇ ತೀರ್ಮಾನವಾಗುವ ವಿಷಯವಲ್ಲವೆಂದು ಅವನಿಗೆ ಗೊತ್ತು.

ಹವ್ಯಾಸಿಗಳ ಕೈಚಳಕ

ಸೈಕಲ್ಲಿನ ಇತಿಹಾಸದುದ್ದಕ್ಕೂ ಹವ್ಯಾಸಿಗಳ ಹೆಜ್ಜೆಗುರುತುಗಳಿವೆ. 1817ರಲ್ಲಿ ಜರ್ಮನಿಯ ಮಾನ್‌ಹೈಮಿನಲ್ಲಿ ಕಾಲಿನಿಂದ ನೆಲವನ್ನು ಒದ್ದು ಓಡಿಸುವ ಎರಡು ಗಾಲಿಯ ಮರದ ಗಾಡಿಯನ್ನು ಮಾಡಿದ ಕಾರ್ಲ್ ಫಾನ್ ಡ್ರೈಸ್ ಅರಣ್ಯಾಧಿಕಾರಿ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಚೈನಿನಿಂದ ಹಿಂದಿನ ಗಾಲಿಯನ್ನು ತಿರುಗಿಸುವ ‘ರೋವರ್’ ಸೈಕಲ್ಲನ್ನು ಹೊರತಂದನು. ಇಂದಿನ ಸೈಕಲ್ಲಿನ ರೂಪ ಮೂಲತಃ ಅದೇ. 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ತನ್ನ ಮಗನ ಮೂರು ಗಾಲಿಯ ಗಾಡಿಗಾಗಿ ಗಾಳಿ ತುಂಬುವ ಟೈರನ್ನು ಮಾಡಿದ ಜಾನ್ ಬಾಯ್ಡ್ ಡನ್‌ಲಪ್ ಪಶುವೈದ್ಯ. ವಿಮಾನವನ್ನು ಹಾರಿಸಿದ ರೈಟ್ ಸಹೋದರರು ಸೈಕಲ್ ಅಂಗಡಿಯವರೆಂಬುದನ್ನೂ, 1903ರ ಅವರ ವಿಮಾನದ ಪಂಖಗಳನ್ನು ತಿರುಗಿಸಿದ್ದು ಚೈನು ಮತ್ತು ಹಲ್ಲುಗಾಲಿಗಳೆಂಬುದನ್ನೂ ನೆನೆಯಬಹುದು.

ಓಡುತ್ತಿರುವ ಸೈಕಲ್ಲು ಏಕೆ ಬೀಳುವುದಿಲ್ಲ? ತಿರುಗುವ ಗಾಲಿ ಬುಗುರಿಯಂತೆ ತನ್ನ ಅಚ್ಚಿನ ದಿಕ್ಕನ್ನು ಕಾಯ್ದುಕೊಳ್ಳುವುದೇ ಕಾರಣವೆಂದು ಅನೇಕ ಪುಸ್ತಕಗಳು ಬರೆದುವು. ಬ್ರಿಟನ್ನಿನ ಡೇವಿಡ್ ಜೋನ್ಸ್ ಎಂಬ ರಸಾಯನ ವಿಜ್ಞಾನಿಗೆ ಇದು ಒಪ್ಪಿಗೆಯಾಗಲಿಲ್ಲ. ಮುಂದಿನ ಗಾಲಿಯ ಪಕ್ಕದಲ್ಲಿ ವಿರುದ್ಧ ದಿಕ್ಕಿಗೆ ತಿರುಗುವ ಇನ್ನೊಂದು ಗಾಲಿಯನ್ನು ಜೋಡಿಸಿ ಬುಗುರಿಯ ಗುಣವನ್ನೇ ಅಳಿಸಿಹಾಕಿದರೂ ಸೈಕಲ್ಲನ್ನು ಸವಾರಿ ಮಾಡಬಹುದೆಂದು ಅವರು ತೋರಿಸಿದರು. ಮುಂದಿನ ಗಾಲಿಯು ನೆಲಕ್ಕೆ ತಾಗುವ ಬಿಂದುವು ಹ್ಯಾಂಡಲಿನ ಅಚ್ಚಿನ ರೇಖೆಗಿಂತ ಹಿಂದಿರುವುದು ಮುಖ್ಯ ಕಾರಣವೆಂದು 1970ರಲ್ಲಿ ಪ್ರಕಟಿಸಿದರು. ಮಾತು ಅಲ್ಲಿಗೇ ಮುಗಿಯಲಿಲ್ಲ. 2011ರಲ್ಲಿ ನೆದರ್‌ಲೆಂಡಿನ ಮತ್ತು ಅಮೆರಿಕದ ವಿಜ್ಞಾನಿಗಳು ಈ ಎರಡು ಗುಣಗಳೂ ಇಲ್ಲದ, ಆದರೂ ತಾನಾಗಿಯೇ ನೆಟ್ಟಗೆ ಓಡುವ ಒಂದು ಪುಟ್ಟ ಯಂತ್ರವನ್ನು ಕಟ್ಟಿ ತೋರಿಸಿದರು. ಬೀಳುವ ಕಡೆಗೆ ಮುಂದಿನ ಗಾಲಿ ತಾನೇ ಹೊರಳಿ, ಗಾಡಿಯನ್ನು ಸವಾರನ ಭಾರದ ಕೆಳಗೆ ತಂದು ನಿಲ್ಲಿಸಬೇಕು. ಅದನ್ನು ಸಾಧಿಸಲು ದಾರಿಗಳು ಹಲವು—ಇದು ಇಂದಿನ ತಿಳಿವಳಿಕೆ. ಅತ್ಯಂತ ಪರಿಚಿತವಾದ ಯಂತ್ರದಲ್ಲಿಯೂ ಇಷ್ಟು ಕಾಲ ಒಂದು ಪ್ರಶ್ನೆ ಉಳಿದಿತ್ತು. ಅದನ್ನು ಕೆದಕಿದವರು ಕೈಯಲ್ಲಿ ಪಾನಾ ಹಿಡಿದವರು.

ಮೈಸೂರಿನಿಂದ ಬಂದ ಫಟಫಟಿ

ಗಾಳಿಯ ತಡೆಯನ್ನು ಗೆಲ್ಲಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ಸಾಮರ್ಥ್ಯ ಎಂಟರಷ್ಟು ಬೇಕು. ಹತ್ತನೆಯ ಒಂದು ಅಶ್ವಶಕ್ತಿಯ ಮನುಷ್ಯನು ಎಷ್ಟು ತುಳಿದರೂ ಒಂದು ಮಿತಿಯಲ್ಲಿ ನಿಲ್ಲಲೇಬೇಕು. ಎಂಜಿನು ಬೇಕಾಗುವುದು ಇಲ್ಲಿ. ಸ್ಟಾರ್ಲಿಯ ರೋವರ್ ಹೊರಬಂದ 1885ರಲ್ಲಿಯೇ ಜರ್ಮನಿಯ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೈಬಾಖ್ ಮರದ ಚೌಕಟ್ಟಿಗೆ ಪೆಟ್ರೋಲು ಎಂಜಿನನ್ನು ಜೋಡಿಸಿದರು. ಅದರ ಅಳತೆ 264 ಸಿ.ಸಿ.; ಸಾಮರ್ಥ್ಯ ಅರ್ಧ ಅಶ್ವಶಕ್ತಿ.

ಕನ್ನಡನಾಡಿನಲ್ಲಿ ಈ ಯಂತ್ರದ ಕತೆಗೆ ಮೈಸೂರೇ ತವರು. 1960ರಲ್ಲಿ ಫರೋಖ್ ಇರಾನಿಯವರು ಮೈಸೂರಿನಲ್ಲಿ ‘ಐಡಿಯಲ್ ಜಾವಾ’ ಕಂಪೆನಿಯನ್ನು ಸ್ಥಾಪಿಸಿದರು. ಅಂದು ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು ಯಾದವಗಿರಿಯ ಕಾರ್ಖಾನೆಯನ್ನು ಉದ್ಘಾಟಿಸಿದರು. 1961ರಿಂದ ಅಲ್ಲಿ ಮೋಟಾರು ಸೈಕಲ್ಲುಗಳು ತಯಾರಾದುವು. ‘ಜಾವಾ’ ಎಂಬುದು ಚೆಕೊಸ್ಲೊವಾಕಿಯಾದ ಹೆಸರು. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿಯ ಹೆಸರಿನ ಮೊದಲೆರಡು ಅಕ್ಷರಗಳನ್ನೂ, ಆತ ಕೊಂಡುಕೊಂಡ ‘ವಾಂಡರರ್’ ಎಂಬ ಗಾಡಿಯ ಹೆಸರಿನ ಮೊದಲೆರಡು ಅಕ್ಷರಗಳನ್ನೂ ಕೂಡಿಸಿ ಮಾಡಿದುದು. 1973ರಿಂದ ಮೈಸೂರಿನ ಗಾಡಿಗಳು ‘ಯೆಜ್ಡಿ’ ಎಂಬ ಹೆಸರಿನಿಂದ ಹೊರಬಂದುವು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಈ ಗಾಡಿಯ ಎಂಜಿನು ಒಂದೇ ಸಿಲಿಂಡರಿನದು. ವ್ಯಾಸ 65 ಮಿಲಿಮೀಟರು, ಪಿಸ್ಟನ್ನಿನ ಓಟ 75 ಮಿಲಿಮೀಟರು. ಗುಣಿಸಿ ನೋಡಿದರೆ ಸುಮಾರು 249 ಸಿ.ಸಿ. ಬರುತ್ತದೆ. ಅಳತೆಯಲ್ಲಿ ಡೈಮ್ಲರನ ಎಂಜಿನಿಗಿಂತ ತುಸು ಚಿಕ್ಕದಾದರೂ ಜಾವಾದ ಸಾಮರ್ಥ್ಯ ಸುಮಾರು 12 ಅಶ್ವಶಕ್ತಿ. ಅಂದರೆ ಇಪ್ಪತ್ತನಾಲ್ಕು ಪಟ್ಟು! ಡೈಮ್ಲರನ ಎಂಜಿನು ನಿಮಿಷಕ್ಕೆ 600 ಸುತ್ತು ತಿರುಗುತ್ತಿತ್ತು. ಇದು ಐದು ಸಾವಿರದ ಸಮೀಪಕ್ಕೆ ಹೋಗುತ್ತದೆ. ಜೊತೆಗೆ, ಪ್ರತಿ ಸುತ್ತಿಗೂ ಒಂದು ಸಾರಿ ಇಲ್ಲಿ ಇಂಧನ ಉರಿಯುತ್ತದೆ. ಒಂದೇ ಸನ್ನೆಯಿಂದ ಎಂಜಿನನ್ನು ಒದ್ದು ಚಾಲೂ ಮಾಡುವುದು, ಅದೇ ಸನ್ನೆಯಿಂದ ಗೇರು ಬದಲಿಸುವುದು, ಗೇರು ಬದಲಿಸುವಾಗ ಕ್ಲಚ್ಚು ತಾನಾಗಿಯೇ ಬಿಡಿಸಿಕೊಳ್ಳುವುದು—ಇಂಥ ಜಾಣ್ಮೆಗಳಿಂದ ಜಾವಾ ಯಂತ್ರಾಸಕ್ತರ ಮನಸ್ಸನ್ನು ಸೆಳೆಯಿತು.

ಮೂರೇ ಚಲಿಸುವ ಭಾಗಗಳು

ಪಿಸ್ಟನ್ನಿನ ಒಂದು ಏರು ಅಥವಾ ಒಂದು ಇಳಿತಕ್ಕೆ ಸ್ಟ್ರೋಕ್ ಎಂದು ಹೆಸರು. ಮದರಾಸಿನಲ್ಲಿ 1955ರಿಂದ ತಯಾರಾಗತೊಡಗಿದ ಎನ್‌ಫೀಲ್ಡ್ ಬುಲೆಟ್ಟಿನದು ನಾಲ್ಕು ಸ್ಟ್ರೋಕಿನ ಎಂಜಿನು: ಹೀರುವುದು, ಒತ್ತುವುದು, ಉರಿಸುವುದು, ಹೊರದೂಡುವುದು—ಈ ನಾಲ್ಕು ಕೆಲಸಗಳಿಗೆ ಎರಡು ಸುತ್ತು ಬೇಕು. ಜಾವಾದ ಎರಡು ಸ್ಟ್ರೋಕಿನ ಎಂಜಿನು ಇವೆಲ್ಲವನ್ನೂ ಒಂದೇ ಸುತ್ತಿನಲ್ಲಿ ಮುಗಿಸುತ್ತದೆ.

ಹೇಗೆಂದರೆ, ಪಿಸ್ಟನ್ನು ಮೇಲೇರುವಾಗ ತನ್ನ ತಲೆಯ ಮೇಲಿರುವ ಪೆಟ್ರೋಲು–ಗಾಳಿಯ ಮಿಶ್ರಣವನ್ನು ಒತ್ತುತ್ತದೆ. ಅದೇ ಕ್ಷಣದಲ್ಲಿ ತನ್ನ ಕೆಳಗಿರುವ ಕ್ರ್ಯಾಂಕಿನ ಕೋಣೆಗೆ ಕಾರ್ಬುರೇಟರಿನಿಂದ ಹೊಸ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಕಿಡಿ ಹಾರಿ ಮಿಶ್ರಣ ಉರಿದಾಗ ಪಿಸ್ಟನ್ನು ಕೆಳಗೆ ನುಗ್ಗುತ್ತದೆ. ಹಾಗೆ ಇಳಿಯುತ್ತ ಮೊದಲು ಹೊಗೆಯ ಕಿಂಡಿಯನ್ನು ತೆರೆಯುತ್ತದೆ; ಮರುಗಳಿಗೆಯಲ್ಲಿ ಕೆಳಕೋಣೆಯಿಂದ ಬರುವ ಕಿಂಡಿಯನ್ನು ತೆರೆಯುತ್ತದೆ. ಕೆಳಗೆ ಒತ್ತಲ್ಪಟ್ಟ ಹೊಸ ಮಿಶ್ರಣ ಮೇಲೆ ನುಗ್ಗಿ ಹೊಗೆಯನ್ನು ಹೊರದೂಡುತ್ತದೆ. ಬಾಗಿಲೂ ಪಿಸ್ಟನ್ನೇ, ಬಾಗಿಲು ಕಾಯುವವನೂ ಪಿಸ್ಟನ್ನೇ! ಕವಾಟಗಳಿಲ್ಲ, ಅವನ್ನು ಎತ್ತಿಳಿಸುವ ಸಲಕರಣೆಯಿಲ್ಲ. ಪಿಸ್ಟನ್ನು, ಕ್ರ್ಯಾಂಕು, ಇವೆರಡನ್ನು ಕೂಡಿಸುವ ದಂಡ—ಎಂಜಿನ್ನಿನ ಹೃದಯದಲ್ಲಿ ಚಲಿಸುವ ಮುಖ್ಯ ಭಾಗಗಳು ಈ ಮೂರೇ.

ಫಟಫಟಿ ಎಂಬ ಹೆಸರಿನ ಗುಟ್ಟೂ ಇಲ್ಲಿಯೇ ಇದೆ. ನಿಂತಲ್ಲಿ ನಿಮಿಷಕ್ಕೆ 900 ಸುತ್ತು ತಿರುಗುತ್ತಿರುವ ಬುಲೆಟ್ಟಿನಲ್ಲಿ ಎರಡು ಸುತ್ತಿಗೊಮ್ಮೆ ಸ್ಫೋಟ. ಅಂದರೆ ಸೆಕೆಂಡಿಗೆ ಏಳೆಂಟು. ಕಿವಿ ಇವನ್ನು ಬಿಡಿಬಿಡಿಯಾಗಿ ಕೇಳಬಲ್ಲುದು. ಅದೇ ವೇಗದ ಜಾವಾದಲ್ಲಿ ಸೆಕೆಂಡಿಗೆ 15. ಸುಮಾರು 20 ದಾಟಿದೊಡನೆ ಬಿಡಿ ಸದ್ದುಗಳು ಬೆಸೆದು ಒಂದೇ ನಾದವಾಗುತ್ತವೆ. ವೇಗ ಹೆಚ್ಚಿದಂತೆ ಫಟಫಟಿಯು ಗುಂಯ್‌ಗುಡುವುದು ಇದರಿಂದಲೇ.

ಇಷ್ಟು ಸರಳವಾದ ಎಂಜಿನನ್ನು ಬೇವಿನ ಮರದ ನೆರಳಿನಲ್ಲಿ ಕುಳಿತು ಬಿಚ್ಚುವುದು ಸಾಧ್ಯವಾಯಿತು. ಸ್ಪಾರ್ಕ್ ಪ್ಲಗ್ಗನ್ನು ಕಳಚಿ ಅದರ ತುದಿಯ ಬಣ್ಣವನ್ನು ನೋಡಿದರೆ ಒಳಗಿನ ಸ್ಥಿತಿ ತಿಳಿಯುತ್ತದೆ. ಕಪ್ಪು ಮಸಿಯಿದ್ದರೆ ಪೆಟ್ರೋಲು ಹೆಚ್ಚು. ಬಿಳಿಚಿದ್ದರೆ ಗಾಳಿ ಹೆಚ್ಚು, ಎಂಜಿನು ಕಾಯುತ್ತಿದೆ. ಕಾಫಿಪುಡಿಯ ಬಣ್ಣವಿದ್ದರೆ ಎಲ್ಲವೂ ಕ್ಷೇಮ. ಕಲಬುರಗಿಯ ಬೇಸಗೆಯಲ್ಲಿ ಉಷ್ಣತೆ 42 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ, ಚಳಿಗಾಲದ ಬೆಳಗಿನ 15 ಡಿಗ್ರಿಯ ಗಾಳಿಗಿಂತ ಅಂದಿನ ಗಾಳಿ ನೂರಕ್ಕೆ ಎಂಟೊಂಬತ್ತರಷ್ಟು ತೆಳುವಾಗಿರುತ್ತದೆ. ಸಿಲಿಂಡರು ಹೀರುವ ಗಾಳಿಯ ತೂಕ ಅಷ್ಟು ಕಡಿಮೆ. ಎಳೆತವೂ ಅಷ್ಟು ಕಡಿಮೆ. ‘ಮಧ್ಯಾಹ್ನ ಗಾಡಿ ಸೋಲುತ್ತದೆ’ ಎಂದು ಸವಾರನು ಹೇಳುವ ಮಾತು ಬರಿಯ ಭಾವನೆಯಲ್ಲ. ಅನಿಲ ನಿಯಮದ ಮಾತು.

ಹೊಗೆಕೊಳವೆಯ ಹಾಡು

ಎರಡು ಸ್ಟ್ರೋಕಿನ ಎಂಜಿನ್ನಿಗೆ ಒಂದು ಹುಟ್ಟು ದೋಷವುಂಟು. ಹೊಸ ಮಿಶ್ರಣವು ಹೊಗೆಯನ್ನು ದೂಡುವಾಗ ಹೊಗೆಯ ಕಿಂಡಿಯೂ ತೆರೆದೇ ಇರುತ್ತದೆ. ಮಿಶ್ರಣದ ಒಂದು ಪಾಲು ಉರಿಯದೆಯೇ ಹೊರಗೆ ಹರಿದುಹೋಗುತ್ತದೆ. ಇದನ್ನು ತಡೆಯುವುದೆಂತು?

ಇದಕ್ಕೆ ಉತ್ತರ ಶಬ್ದವಿಜ್ಞಾನದಲ್ಲಿ ದೊರೆಯಿತು. ಕಿಂಡಿ ತೆರೆದೊಡನೆ ಒಂದು ಒತ್ತಡದ ಅಲೆ ಕೊಳವೆಯುದ್ದಕ್ಕೂ ಓಡುತ್ತದೆ. ಕೊಳವೆಯ ತುದಿಯನ್ನು ಕಿರಿದಾಗಿಸಿದರೆ ಅಲೆ ಅಲ್ಲಿ ತಾಗಿ, ಪ್ರತಿಧ್ವನಿಯಂತೆ ಹಿಂದಿರುಗುತ್ತದೆ. ಕಿಂಡಿ ಮುಚ್ಚುವ ಮುನ್ನ ಅದು ಬಂದು ತಲುಪಿದರೆ, ತಪ್ಪಿಸಿಕೊಳ್ಳುತ್ತಿದ್ದ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ನೂಕುತ್ತದೆ. ನಿಮಿಷಕ್ಕೆ 5000 ಸುತ್ತಿನಲ್ಲಿ ಒಂದು ಸುತ್ತಿಗೆ ಹಿಡಿಯುವ ಕಾಲ ಸೆಕೆಂಡಿನ ಸಾವಿರದ 12 ಭಾಗ. ಹೊಗೆಯ ಕಿಂಡಿ ತೆರೆದಿರುವುದು ಅದರಲ್ಲಿ ಸುಮಾರು 5 ಭಾಗ. ಕಾದ ಅನಿಲದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 500 ಮೀಟರು. ಆ ಅವಧಿಯಲ್ಲಿ ಅಲೆಯು ಎರಡೂವರೆ ಮೀಟರು ಓಡುತ್ತದೆ. ಹೋಗಿ ಬರುವ ದಾರಿಯಾದುದರಿಂದ ಕೊಳವೆಯ ಉದ್ದ ಒಂದೂಕಾಲು ಮೀಟರಿನ ಸಮೀಪವಿರಬೇಕು. ಗಾಡಿಯ ಪಕ್ಕದಲ್ಲಿ ಹಿಂದಿನ ಗಾಲಿಯವರೆಗೆ ಚಾಚಿದ ಕೊಳವೆಯ ಉದ್ದ ಬರಿಯ ಅಲಂಕಾರಕ್ಕೆ ಬಂದುದಲ್ಲವೆಂದು ಈಗ ತಿಳಿಯುತ್ತದೆ. ಪೂರ್ವ ಜರ್ಮನಿಯ ಎಂ.ಜೆಡ್. ಕಾರ್ಖಾನೆಯ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರು ಇಂಥ ಕೊಳವೆಗಳನ್ನು ಪಳಗಿಸಿ, 1961ರ ವೇಳೆಗೆ 125 ಸಿ.ಸಿ.ಯ ಪಂದ್ಯದ ಎಂಜಿನಿನಿಂದ 25 ಅಶ್ವಶಕ್ತಿಯನ್ನು ಹೊರಡಿಸಿದರು. ನಮ್ಮ ದೇಶದಲ್ಲಿ 1985ರಿಂದ 1996ರವರೆಗೆ ತಯಾರಾದ ಯಮಾಹಾ ಆರ್.ಎಕ್ಸ್. 100 ಬರಿಯ 98 ಸಿ.ಸಿ.ಯಲ್ಲಿ 11 ಅಶ್ವಶಕ್ತಿ ಕೊಟ್ಟು ತರುಣರ ಕಣ್ಮಣಿಯಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯಕ. ಕೆಲವು ತರುಣರು ಸೈಲೆನ್ಸರನ್ನು ಕೊಯ್ದು, ಸದ್ದು ಹೆಚ್ಚಿದರೆ ಶಕ್ತಿಯೂ ಹೆಚ್ಚಿತೆಂದು ಭಾವಿಸುತ್ತಾರೆ. ಮೇಲಿನ ಲೆಕ್ಕವನ್ನು ಅರಿತವನು ಹಾಗೆ ಮಾಡಲಾರನು. ಕೊಳವೆಯನ್ನು ಕೊಯ್ದರೆ ಹಿಂದಿರುಗಬೇಕಾದ ಅಲೆಯೇ ಇಲ್ಲವಾಗುತ್ತದೆ ಅಥವಾ ಹೊತ್ತಲ್ಲದ ಹೊತ್ತಿಗೆ ಬರುತ್ತದೆ. ಪೆಟ್ರೋಲು ಪೋಲಾಗಿ ಎಳೆತ ಕುಂದುತ್ತದೆ. ಕಾನೂನೂ ಅದನ್ನು ಒಪ್ಪುವುದಿಲ್ಲ, ಬೀದಿಯ ಹಸುಗೂಸುಗಳೂ ಒಪ್ಪುವುದಿಲ್ಲ, ಭೌತವಿಜ್ಞಾನವೂ ಒಪ್ಪುವುದಿಲ್ಲ.

ತೆರಬೇಕಾದ ಬೆಲೆ

ಯಂತ್ರವನ್ನು ಪ್ರೀತಿಸುವವನು ಅದರ ದೋಷಕ್ಕೆ ಕುರುಡಾಗಬಾರದು. ಕೊಳವೆಯನ್ನು ಎಷ್ಟೇ ಪಳಗಿಸಿದರೂ ಒಂದೇ ವೇಗದ ಆಸುಪಾಸಿನಲ್ಲಿ ಮಾತ್ರ ಅಲೆ ಹೊತ್ತಿಗೆ ಸರಿಯಾಗಿ ಬರುತ್ತದೆ. ಉಳಿದ ವೇಗಗಳಲ್ಲಿ, ಕಾರ್ಬುರೇಟರಿನ ಎರಡು ಸ್ಟ್ರೋಕಿನ ಎಂಜಿನು ಹೀರಿದ ಇಂಧನದಲ್ಲಿ ಕಾಲು ಭಾಗ, ಕೆಲವೊಮ್ಮೆ ಮೂರನೆಯ ಒಂದು ಭಾಗದವರೆಗೂ, ಉರಿಯದೆ ಹೊರಬೀಳಬಹುದು. ಕ್ರ್ಯಾಂಕಿನ ಕೋಣೆ ಮಿಶ್ರಣದ ದಾರಿಯಾದುದರಿಂದ ಅಲ್ಲಿ ಎಣ್ಣೆಯನ್ನು ತುಂಬಿಡುವಂತಿಲ್ಲ, ಪೆಟ್ರೋಲಿನೊಡನೆಯೇ ಬೆರೆಸಬೇಕು. ಆ ಎಣ್ಣೆಯೂ ಅರೆಬೆಂದು ನೀಲಿ ಹೊಗೆಯಾಗುತ್ತದೆ. ಅದನ್ನು ಉಸಿರಾಡುವವನು ಸವಾರನಲ್ಲ. ಅವನ ಹಿಂದೆ ಬರುವವನು.

ನಮ್ಮ ದೇಶದ 1996ರ ನಿಯಮದಂತೆ ದ್ವಿಚಕ್ರ ವಾಹನಗಳು ಒಂದು ಕಿಲೋಮೀಟರಿಗೆ ಉಗುಳಬಹುದಾದ ಹೈಡ್ರೋಕಾರ್ಬನ್ನು ಮತ್ತು ನೈಟ್ರೋಜನ್ ಆಕ್ಸೈಡುಗಳ ಒಟ್ಟು ಮಿತಿ 3.6 ಗ್ರಾಂ. 2000ದಲ್ಲಿ ಅದು 2 ಗ್ರಾಂ ಆಯಿತು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6ರ ನಿಯಮದಲ್ಲಿ ಹೈಡ್ರೋಕಾರ್ಬನ್ನಿಗೆ 0.1 ಗ್ರಾಂ, ನೈಟ್ರೋಜನ್ ಆಕ್ಸೈಡಿಗೆ 0.06 ಗ್ರಾಂ ಮಾತ್ರ. ಇಪ್ಪತ್ತೆರಡು ಪಟ್ಟು ಇಳಿಕೆ! ಹಳೆಯ ಎರಡು ಸ್ಟ್ರೋಕಿನ ಗಾಡಿಗಳು ಈ ಏಣಿಯನ್ನು ಹತ್ತಲಾರದೆ ಹಿಂದುಳಿದುವು. ಹಳ್ಳಿಗರ ನೆಚ್ಚಿನ ಟಿ.ವಿ.ಎಸ್. ಮೊಪೆಡ್ಡು ಕೂಡ 2015ರಲ್ಲಿ ನಾಲ್ಕು ಸ್ಟ್ರೋಕಿನ ಎಂಜಿನನ್ನು ಧರಿಸಿತು. 2018ರಲ್ಲಿ ಜಾವಾ ಹೆಸರು ಮತ್ತೆ ಮಾರುಕಟ್ಟೆಗೆ ಬಂದಾಗ ಅದರಡಿಯಲ್ಲಿದ್ದುದು 293 ಸಿ.ಸಿ.ಯ ನಾಲ್ಕು ಸ್ಟ್ರೋಕಿನ, ದ್ರವದಿಂದ ತಂಪಾಗುವ ಎಂಜಿನು. ತಯಾರಾದುದು ಮಧ್ಯಪ್ರದೇಶದ ಪೀತಂಪುರದಲ್ಲಿ.

ಈ ಬದಲಾವಣೆಯನ್ನು ನಾವು ಸ್ವಾಗತಿಸಲೇಬೇಕು. ಊರಿನ ಗಾಳಿ ಹವ್ಯಾಸಿಯ ಸಂತೋಷಕ್ಕಿಂತ ದೊಡ್ಡದು. ಹಳೆಯ ಜಾವಾ, ಯೆಜ್ಡಿಗಳನ್ನು ಪ್ರೀತಿಯಿಂದ ಉಳಿಸಿಕೊಂಡವರು ವರ್ಷಕ್ಕೊಮ್ಮೆ, ಜುಲೈ ತಿಂಗಳ ಎರಡನೆಯ ಭಾನುವಾರ, ಜಾವಾ ದಿನವೆಂದು ಅವನ್ನು ಬೀದಿಗೆ ತರುತ್ತಾರೆ. ಇತಿಹಾಸವನ್ನು ಓಡುವ ಸ್ಥಿತಿಯಲ್ಲಿ ಇಡುವುದು ಒಳ್ಳೆಯ ಕೆಲಸ. ಆದರೆ ಅದು ನಿತ್ಯದ ಸಾರಿಗೆಗೆ ದಾರಿಯಲ್ಲ.

ಉಳಿಸಿಕೊಳ್ಳಬೇಕಾದುದು ಯಾವುದು?

ಹೊಗೆ ಹೋಯಿತು, ಅದರೊಡನೆ ಇನ್ನೊಂದು ವಸ್ತುವೂ ಮೆಲ್ಲನೆ ಹೋಗುತ್ತಿದೆ. ಇಂದಿನ ಮೋಟಾರು ಸೈಕಲ್ಲಿನಲ್ಲಿ ಕಾರ್ಬುರೇಟರಿನ ಸ್ಥಾನದಲ್ಲಿ ಇಂಧನವನ್ನು ಅಳೆದು ಸಿಂಪಡಿಸುವ ಇಂಜೆಕ್ಟರು ಇದೆ. ಗಾಳಿಯ ಉಷ್ಣತೆ, ಒತ್ತಡ, ಹೊಗೆಯಲ್ಲಿ ಉಳಿದ ಆಕ್ಸಿಜನ್ನು—ಇವನ್ನೆಲ್ಲ ಸಂವೇದಕಗಳು ಅಳೆಯುತ್ತವೆ. ಪುಟ್ಟ ಗಣಕವೊಂದು ಲೆಕ್ಕ ಹಾಕಿ ಆಜ್ಞೆ ಕೊಡುತ್ತದೆ. ಬೇಸಗೆಯ ಮಧ್ಯಾಹ್ನ ಮಿಶ್ರಣವನ್ನು ಮಿಸ್ತ್ರಿ ತಿದ್ದಬೇಕಾಗಿಲ್ಲ, ಯಂತ್ರವೇ ತಿದ್ದಿಕೊಳ್ಳುತ್ತದೆ. ವಿದ್ಯುತ್ ಸ್ಕೂಟರಿನ ಮೋಟಾರಿನಲ್ಲಂತೂ ತಿರುಗುವ ಭಾಗ ಒಂದೇ. ಬ್ಯಾಟರಿಯ ಶಕ್ತಿಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚನ್ನು ಅದು ಚಲನೆಯಾಗಿ ಮಾರ್ಪಡಿಸಬಲ್ಲುದು. ಎಂಜಿನಿಯರಿಂಗಿನ ದೃಷ್ಟಿಯಿಂದ ಇವು ಜಾವಾಕ್ಕಿಂತ ಹೆಚ್ಚು ಸುಂದರವಾದ ಯಂತ್ರಗಳೇ ಸರಿ.

ಆದರೆ ಇವುಗಳ ಬುದ್ಧಿ ಕಪ್ಪು ಡಬ್ಬಿಯೊಳಗಿದೆ. ಬೇವಿನ ಮರದ ಕೆಳಗಿನ ಮಿಸ್ತ್ರಿ ಪ್ಲಗ್ಗಿನ ಬಣ್ಣವನ್ನು ಓದಬಲ್ಲನು. ಡಬ್ಬಿಯ ಸಂಕೇತಗಳನ್ನು ಓದುವ ಉಪಕರಣ ಅವನ ಬಳಿ ಇರುವುದಿಲ್ಲ. ಸಣ್ಣ ಊರಿನ ರೈತನು ಚಿಕ್ಕದೊಂದು ತೊಂದರೆಗೂ ಗಾಡಿಯನ್ನು ಜಿಲ್ಲೆಯ ಪಟ್ಟಣಕ್ಕೆ ಸಾಗಿಸಬೇಕಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ: ಮಿಸ್ತ್ರಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನೋಡುವ ಹುಡುಗನಿಗೆ ನೋಡಲು ಏನೂ ಉಳಿಯುವುದಿಲ್ಲ. ಕಲಬುರಗಿಯಲ್ಲಿ 1958ರಲ್ಲಿಯೇ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಆ ಕಾಲೇಜಿನ ಬಾಗಿಲಿಗೆ ಬರುವ ಮೊದಲೇ ಎಷ್ಟೋ ಹುಡುಗರ ಎಂಜಿನಿಯರಿಂಗ್ ಶಿಕ್ಷಣ ಊರ ಸೈಕಲ್ ಅಂಗಡಿಯ ಎದುರಿನಲ್ಲಿ ಆರಂಭವಾಗಿರುತ್ತದೆ. ಆ ಮೊದಲ ಶಾಲೆಯನ್ನು ಮುಚ್ಚಗೊಡಬಾರದು.

ಇದಕ್ಕೆ ಉಪಾಯವಿಲ್ಲದಿಲ್ಲ. ಮುಚ್ಚಿದ ಡಬ್ಬಿಯೇನೂ ಪ್ರಕೃತಿಯ ನಿಯಮವಲ್ಲ. ಅದು ತಯಾರಕರ ನಿರ್ಧಾರ. ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ದುರಸ್ತಿಯ ಹಕ್ಕು’ ಎಂಬ ವಿಷಯವನ್ನು ಪರಿಶೀಲಿಸಲು ಸಮಿತಿಯೊಂದನ್ನು ನೇಮಿಸಿತು. ಅದರ ಪರಿಧಿಯಲ್ಲಿ ವಾಹನಗಳೂ ಸೇರಿದುವು. ದುರಸ್ತಿಯ ಕೈಪಿಡಿಗಳು ಕನ್ನಡದಲ್ಲಿ ದೊರೆಯಬೇಕು. ಸಂಕೇತ ಓದುವ ಉಪಕರಣಗಳು ಸಣ್ಣ ಊರಿನ ಮಿಸ್ತ್ರಿಯ ಕೈಗೆಟುಕಬೇಕು. ಅದನ್ನು ಬಳಸುವ ತರಬೇತಿ ಅವನಿಗೆ ಸಿಗಬೇಕು. ಆಗ ಹೊಸ ಯಂತ್ರವೂ ಹಳೆಯದರಂತೆ ಗುರುವಾದೀತು. ಸ್ವಚ್ಛವಾದ ಗಾಳಿ ಮತ್ತು ತೆರೆದ ಯಂತ್ರ ಎರಡೂ ನಮಗೆ ಬೇಕು. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕೆಂಬ ನಿಯಮ ಯಾವ ಪುಸ್ತಕದಲ್ಲಿಯೂ ಇಲ್ಲ.

ಅಲ್ಲಿಯವರೆಗೆ ವಾಚಕರು ಮಾಡಬಹುದಾದ ಒಂದು ಪ್ರಯೋಗವುಂಟು. ಮನೆಯಲ್ಲಿರುವ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿರಿ. ಮುಂದಿನ ಹಲ್ಲುಗಳನ್ನೂ ಹಿಂದಿನ ಹಲ್ಲುಗಳನ್ನೂ ಎಣಿಸಿರಿ. ಗಾಲಿಯ ಸುತ್ತಳತೆಯನ್ನು ದಾರದಿಂದ ಅಳೆಯಿರಿ. ಪೆಡಲಿನ ಒಂದು ಸುತ್ತಿಗೆ ಎಷ್ಟು ದೂರ ಸಾಗಬೇಕೆಂದು ಲೆಕ್ಕ ಹಾಕಿ, ಬಳಿಕ ಅಂಗಳದಲ್ಲಿ ಸೈಕಲ್ಲನ್ನು ತಳ್ಳುತ್ತ ಪೆಡಲನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಆ ದೂರವನ್ನು ಅಳೆದು ನೋಡಿರಿ. ಲೆಕ್ಕವೂ ನೆಲವೂ ಒಂದೇ ಮಾತನ್ನು ಹೇಳುವುದನ್ನು ಮಕ್ಕಳೂ ಪಕ್ಕದಲ್ಲಿ ನಿಂತು ನೋಡಲಿ. ಕೈಗೆ ಮೆತ್ತಿದ ಗ್ರೀಸು ಸಾಬೂನಿನಿಂದ ಹೋಗುತ್ತದೆ, ತಿಳಿದುದು ಹೋಗುವುದಿಲ್ಲ.